ಕುದುರೆಯ ಮೇಲಿನ ಫೋನು

“ಗುರುಗಳೇ, ಎರಡು ಫೋನು ನೋಡಿಟ್ಟಿದ್ದೇನೆ. ಒಂದು ದೊಡ್ಡದು, ಚಾರ್ಜು ದಿನಗಟ್ಟಲೆ ಬರುತ್ತದೆ. ಇನ್ನೊಂದು ಅಂಗೈಯಷ್ಟು, ಆದರೆ ಸಂಜೆಗೆ ಸತ್ತುಹೋಗುತ್ತದೆ. ಯಾವುದನ್ನು ಕೊಳ್ಳಲಿ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ನಕ್ಕರು. “ಮೋಕ್ಷದ ದಾರಿ ಕೇಳುತ್ತೀ ಎಂದುಕೊಂಡಿದ್ದೆ. ಇರಲಿ, ಇದಕ್ಕೂ ಒಂದು ಕತೆಯಿದೆ. ಕೂಡು” ಎಂದರು.

ಒಬ್ಬ ಕುರಿಗಾಹಿ ಇದ್ದ. ಸುಗ್ಗಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಊರೂರು ತಿರುಗುವವನು. ರೈತರು ರಾತ್ರಿಯೆಲ್ಲ ತಮ್ಮ ಹೊಲದಲ್ಲಿ ಕುರಿ ತರುಬಿ ನಿಲ್ಲಿಸಿಕೊಂಡು, ಗೊಬ್ಬರಕ್ಕೆ ಪ್ರತಿಯಾಗಿ ಕಾಳು ಕೊಡುತ್ತಿದ್ದರು. ಆ ಹಿಂಡೇ ಅವನ ಮನೆ, ಅದೇ ಅವನ ಮಕ್ಕಳ ಅನ್ನ.

ಬಯಲಿನಲ್ಲಿ ಕರೆಂಟು ಎಲ್ಲಿಂದ ಬರಬೇಕು? ಅವನು ಪೇಟೆಯ ಅಂಗಡಿಗೆ ಹೋಗಿ, “ಹೊಲದಾಗ ಇರಾವ್ರು ನಾವು. ಜಲ್ದಿ ಸಾಯಬಾರದು ನೋಡ್ರಿ, ಅಂಥಾದ್ದು ಕೊಡ್ರಿ” ಎಂದ. ಅಂಗಡಿಯವನು ಇಟ್ಟಿಗೆಯಂಥ ಒಂದು ಫೋನನ್ನು ಕೈಗಿಟ್ಟ. ಕುರಿಗಾಹಿಗೆ ಬಹಳ ಹಿಗ್ಗಾಯಿತು.

ಆದರೆ ಅದು ಎದೆಯ ಜೇಬಿನಲ್ಲಿ ಕೂಡಲಿಲ್ಲ. ಮರಿ ಎತ್ತಲು ಬಾಗಿದಾಗಲೆಲ್ಲ ಜಾರಿ ನೆಲಕ್ಕೆ ಬೀಳುತ್ತಿತ್ತು. ಕುರಿ ಕಾಯುವವನು ಬಾಗದೆ ಇರಲಾದೀತೇ? ಕೊನೆಗೆ ಅದನ್ನು ಕೌದಿಯಲ್ಲಿ ಸುತ್ತಿ, ಸಾಮಾನು ಹೊರುವ ಕುದುರೆಯ ಮೇಲೆ ಹೇರಿಬಿಟ್ಟ. ಬಿಸಿಲಿನ ಭಯವೂ ಇಲ್ಲ, ಬೀಳುವ ಭಯವೂ ಇಲ್ಲ ಎಂದುಕೊಂಡ.

ಕುರಿಗಾಹಿಗಳ ಪದ್ಧತಿ ನಿನಗೆ ಗೊತ್ತಿರಲಿಕ್ಕಿಲ್ಲ. ಬೆಳಗಾದರೆ ಹೆಂಡತಿ ಕುದುರೆ ಹಿಡಿದು ಮುಂದೆ ಹೋಗುತ್ತಾಳೆ. ಮುಂದಿನ ಹೊಲದಲ್ಲಿ ಒಲೆ ಹೂಡಿ ರೊಟ್ಟಿ ಬಡಿಯುತ್ತಾಳೆ. ಗಂಡ ಹಿಂಡು ಮೇಯಿಸುತ್ತ ಹಿಂದಿನಿಂದ ನಿಧಾನವಾಗಿ ಬರುತ್ತಾನೆ.

ಒಂದು ದಿನ ಹೀಗೆಯೇ ಅವಳು ಅರ್ಧ ದಾರಿ ನಡೆದಿದ್ದಳು. ಕೌದಿಯೊಳಗೆ ಫೋನು ಹೊಡೆದುಕೊಂಡಿತು. ಆ ದಿನ ಅವರು ಕುರಿ ತರುಬಬೇಕಿದ್ದ ಹೊಲದ ರೈತ ಆ ಕಡೆಯಿಂದ ಮಾತಾಡಿದ. ಹಳ್ಳದ ದಾರಿಯ ಬದುವಿನ ಹುಲ್ಲಿಗೆ ಪಕ್ಕದ ಹೊಲದವರು ಬೆಳಿಗ್ಗೆ ವಿಷ ಹೊಡೆದಿದ್ದಾರೆ, ಹಿಂಡು ಆ ಕಡೆ ಬರಬಾರದು ಎಂದ.

ಹಿಂಡು ಬರುವುದೇ ಹಳ್ಳದ ದಾರಿಯಲ್ಲಿ. ಸುದ್ದಿ ಇವಳ ಕೈಯಲ್ಲಿತ್ತು, ಫೋನೂ ಇವಳ ಕೈಯಲ್ಲೇ ಇತ್ತು. ಗಂಡನಿಗೆ ಹೇಳುವುದು ಹೇಗೆ?

ಅವಳು ಅಳುತ್ತ ಕೂಡಲಿಲ್ಲ. ಗಡಿಗೆ, ಕೌದಿ, ಕೋಳಿಬುಟ್ಟಿ ಎಲ್ಲವನ್ನೂ ದಾರಿಯಲ್ಲೇ ಇಳಿಸಿದಳು. ಬರಿ ಬೆನ್ನಿನ ಕುದುರೆ ಹತ್ತಿ ಹಿಂದಕ್ಕೆ ಹೊಡೆದಳು.

ಅವಳು ಹಳ್ಳ ಮುಟ್ಟಿದಾಗ, ಎಲ್ಲಕ್ಕೂ ಮುಂದಿದ್ದ ಟಗರು ಬದುವಿನ ಕಡೆ ಕತ್ತು ಚಾಚಿತ್ತು. ಕುರಿಗಾಹಿ ಹಾಡಿಕೊಳ್ಳುತ್ತ ಹಿಂದಿನಿಂದ ಬರುತ್ತಿದ್ದ.

“ಆ ಕಡಿ ಬಿಡಬ್ಯಾಡ್ರೀ! ಹುಲ್ಲಿಗೆ ವಿಷದ ಎಣ್ಣಿ ಹೊಡದಾರ!” ಎಂದು ಅವಳು ಕೂಗಿದಳು.

ಕುರಿಗಾಹಿ ಕಂಬಳಿ ಬೀಸುತ್ತ ಓಡಿ, ಟಗರಿನ ಮೂತಿಗೆ ಅಡ್ಡ ನಿಂತ. ಹಿಂಡು ತಿರುಗಿತು. ಒಂದೂ ಬಾಯಿ ಹಾಕಿರಲಿಲ್ಲ.

ಹೋದ ಜೀವ ಬಂದಂತಾಗಿ ಅವನು ದಾರಿಯ ಮಣ್ಣಿನಲ್ಲೇ ಕುಕ್ಕರಿಸಿದ. ನಗು ಬಂತು, ಅದರ ಜೊತೆಗೆ ಅಳುವೂ ಬಂತು. ಹೆಂಡತಿ ಕುದುರೆಯಿಂದ ಇಳಿದು ಫೋನನ್ನು ಅವನ ಮಡಿಲಿಗೆ ಹಾಕಿದಳು.

“ಹಿಡೀರಿ ನಿಮ್ಮ ಸಾಯದ ಫೋನು. ಚಾರ್ಜು ಇನ್ನೂ ತುಂಬ್ಯೈತಿ” ಎಂದಳು.

ಕತೆ ನಿಂತಿತು. ಶಿಷ್ಯನೂ ನೆಮ್ಮದಿಯ ಉಸಿರುಬಿಟ್ಟ. “ಸದ್ಯ, ಕುರಿಗಳು ಬದುಕಿದವಲ್ಲ!” ಎಂದ. ಆಮೇಲೆ ಅವನಿಗೆ ಒಂದು ಅನುಮಾನ ಬಂತು.

“ಆದರೆ ಗುರುಗಳೇ, ಜೇಬಿನಲ್ಲಿ ಕೂಡುವ ಚಿಕ್ಕ ಫೋನನ್ನೇ ಕೊಂಡಿದ್ದರೂ, ಕರೆಂಟಿಲ್ಲದ ಆ ಬಯಲಿನಲ್ಲಿ ಅದು ಹಿಂದಿನ ಸಂಜೆಯೇ ಸತ್ತಿರುತ್ತಿತ್ತಲ್ಲ? ಎರಡೂ ಒಂದೇ ಆಯಿತು.”

ಗುರುಗಳು ಹೇಳಿದರು: “ಜೇಬಿನಲ್ಲಿ ಫೋನು ಸತ್ತಿದ್ದರೆ ಅವನು ದಾರಿಯಲ್ಲಿ ಸಿಕ್ಕವರನ್ನೆಲ್ಲ ವಿಚಾರಿಸುತ್ತ ಬರುತ್ತಿದ್ದ. ಕುದುರೆಯ ಮೇಲೆ ಅದು ಬದುಕಿದೆ ಎಂಬ ಧೈರ್ಯದಿಂದ ತಾನೇ ಯಾರನ್ನೂ ಕೇಳದೆ ಹಾಡುತ್ತ ಬಂದದ್ದು?”