ನೆಲ್ಲಿಹಾಡಿಯ ಕಾಗದ

ಹೊಳೆದಂಡೆಯ ಆಶ್ರಮದಲ್ಲಿ ಜಡೆಯಜ್ಜ ಎಂಬ ಗುರುಗಳಿದ್ದರು. ಬೆಟ್ಟದವರ ಹಳೆಯ ಲಿಪಿಯಲ್ಲಿ ಬರೆಯುವವರು ಎಂದು ಉಳಿದದ್ದು ಅವರೊಬ್ಬರೇ. ಉಲಿಗೊಂದರಂತೆ ಎಪ್ಪತ್ತೊಂದು ಅಕ್ಷರ. ಅಷ್ಟನ್ನೂ ಶಿಷ್ಯ ಕೇತ ಆರು ವರ್ಷ ಮರಳಲ್ಲಿ ತಿದ್ದಿ ಕಲಿತಿದ್ದ.

ಆ ಅಕ್ಷರಗಳು ಕಂಪ್ಯೂಟರಿನಲ್ಲೂ ಮೊಬೈಲಿನಲ್ಲೂ ಮೂಡಬೇಕೆಂಬುದು ಕೇತನ ಹಟ. ಅದಕ್ಕೆ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಸಂಖ್ಯೆ ಬೇಕು. ಸಂಖ್ಯೆ ಕೊಡುವ ಸಮಿತಿಯವರು ಕೇಳಿದ್ದರು: “ನಿಮ್ಮ ಗುರುಗಳಲ್ಲದೆ ಬೇರೆ ಯಾರಾದರೂ ಇದರಲ್ಲಿ ಬರೆಯುತ್ತಾರೆಯೇ? ಬರೆದದ್ದನ್ನು ಕಳಿಸಿ.”

ಬೇರೆ ಯಾರೂ ಇರಲಿಲ್ಲ. ಕಲಿಯುವವನ ತಿದ್ದಾಟವನ್ನು ಯಾರು ಲೆಕ್ಕಕ್ಕಿಡುತ್ತಾರೆ ಎಂದುಕೊಂಡ ಕೇತ, ಬಾಗಿಲು ಹಾಕಿಕೊಂಡು ಎಡಗೈಯಲ್ಲಿ ಸೊಟ್ಟಸೊಟ್ಟಗೆ ಒಂದು ಕಾಗದ ಬರೆದ.

‘ಹೊಳೆಯಾಚೆ ನೆಲ್ಲಿಹಾಡಿಯ ಪುಟ್ಟಮಾದಿ ಬರೆದದ್ದು. ಅಣ್ಣಾ, ಈ ಸಲ ಜೇನು ಚೆನ್ನಾಗಿ ಕಟ್ಟಿದೆ. ನನಗೆ ಮಂಡಿನೋವು, ಬರಲಾರೆ. ನೀನೇ ಬಂದುಹೋಗು.’

ಅದರ ಫೋಟೋ ಸಮಿತಿಗೆ ಹೋಯಿತು. ಸಮಿತಿಯವರೇನು ಬೆಟ್ಟ ಹತ್ತಿ ಪುಟ್ಟಮಾದಿಯನ್ನು ಹುಡುಕುತ್ತಾರೆಯೇ?

ಆದರೆ ಕಾಗದ ಗುರುಗಳ ಕಣ್ಣಿಗೆ ಬಿತ್ತು.

“ಇದು ಯಾರದೋ, ಕೇತ?”

“ನೆಲ್ಲಿಹಾಡಿಯಿಂದ ಬಂತು, ಅಜ್ಜಯ್ಯ.”

ಗುರುಗಳು ಮೂರು ಸಲ ಓದಿದರು. ಕಣ್ಣೊರೆಸಿಕೊಂಡರು.

“ನನ್ನ ತಂಗಿ ತೀರಿಕೊಂಡು ಹನ್ನೊಂದು ವರ್ಷ ಆಯ್ತು. ಆಮೇಲೆ ಈ ಅಕ್ಷರದಲ್ಲಿ ನನಗೆ ಯಾರೂ ಒಂದು ಸಾಲು ಬರೆದಿರಲಿಲ್ಲ ಕಣೋ.”

ಕೇತ ನಿಜ ಹೇಳಬೇಕೆಂದು ಎರಡು ಸಲ ಎದುರು ಹೋಗಿ ನಿಂತ. ನೀರು ತಂದುಕೊಡುವುದಕ್ಕೆ ಬಂದವನಂತೆ ಚೊಂಬು ಇಟ್ಟು ಹಿಂದಿರುಗಿದ.

ಬೆಳಿಗ್ಗೆ ಎದ್ದು ನೋಡಿದರೆ ಗುರುಗಳಿಲ್ಲ. ಎಂಬತ್ತರ ಮುದುಕರು ಕೋಲೂರಿಕೊಂಡು ದೋಣಿಗಟ್ಟೆಗೆ ಹೊರಟಿದ್ದರು. ಕೇತ ಓಡಿದ.

ಅಂಬಿಗ ಹೇಳುತ್ತಿದ್ದ: “ನೆಲ್ಲಿಹಾಡಿಯಲ್ಲಿ ಪುಟ್ಟಮಾದಿ ಅಂತ ಯಾರೂ ಇಲ್ಲವಲ್ಲ ಅಜ್ಜಯ್ಯ.”

“ಮಂಡಿನೋವಂತೆ, ಮನೆ ಬಿಟ್ಟು ಹೊರಗೆ ಬರೋದಿಲ್ಲ. ನಿನಗೆ ಹೇಗೆ ಗೊತ್ತಿರುತ್ತೆ? ದಾಟಿಸಪ್ಪ,” ಎಂದು ಗುರುಗಳು ದೋಣಿಯೊಳಗೆ ಒಂದು ಕಾಲಿಟ್ಟರು.

ಕೇತ ಆ ಕಾಲನ್ನೇ ಹಿಡಿದುಕೊಂಡ.

“ಯಾರೂ ಇಲ್ಲ, ಅಜ್ಜಯ್ಯ. ನಾನೇ ಬರೆದೆ. ಎಡಗೈಯಲ್ಲಿ.”

ಅಂಬಿಗ ಬೇರೆ ಕಡೆ ಮುಖ ತಿರುಗಿಸಿದ. ನೆಲ ಬಾಯಿಬಿಟ್ಟು ನುಂಗಿಬಿಟ್ಟರೆ ಸಾಕು ಎನಿಸಿತು ಕೇತನಿಗೆ. ಬೈದಿದ್ದರೂ ಹಗುರಾಗುತ್ತಿತ್ತು. ಗುರುಗಳು ಬೈಯಲಿಲ್ಲ, ಆಚೆ ದಡ ನೋಡುತ್ತಲೇ ಕೇಳಿದರು:

“ಸಮಿತಿಗೂ ಇದನ್ನೇ ಕಳಿಸಿದೆಯಾ?”

“ಹೌದು.”

“ಇವತ್ತೇ ನಿಜ ಬರೆದು ಕಳಿಸು.”

“ಸಂಖ್ಯೆ ಸಿಗದೆ ಹೋದರೆ? ನಿಮ್ಮ ಜೊತೆಗೇ ಅಕ್ಷರವೂ...”

ಗುರುಗಳು ದೋಣಿಯಿಂದ ಕಾಲು ತೆಗೆದು ಮರಳ ಮೇಲೆ ಕುಳಿತರು.

“ಆರು ವರ್ಷ ನಾನು ಹೇಳಿದ್ದನ್ನೇ ನೀನು ಬರೆದೆ. ಈ ಕಾಗದಕ್ಕೆ ಮುಂಚೆ ನಿನ್ನದು ಅಂತ ಒಂದು ಮಾತು ಬರೆದಿದ್ದೆಯಾ?”

“ಇಲ್ಲ.”

ಗುರುಗಳು ಸೊಂಟದಿಂದ ಒಂದು ಮಡಿಸಿದ ಕಾಗದ ತೆಗೆದರು. ರಾತ್ರಿಯೆಲ್ಲ ಕೂತು ಪುಟ್ಟಮಾದಿಗೆ ಬರೆದ ಉತ್ತರ. ಅದನ್ನು ಕೇತನ ಕೈಯಲ್ಲಿಟ್ಟರು.

“ಕಾಗದ ಬರೆದವನಿಗೇ ಉತ್ತರ ಸೇರಬೇಕು. ತಗೋ, ಓದು. ಸಮಿತಿ ಕೇಳಿದ ಇನ್ನೊಬ್ಬ ಬರೆಯುವವ ನೀನೇ. ಮಾರುತ್ತರ ಬಲಗೈಯಲ್ಲಿ ಬರಿ.”