ಡಿಸ್ಕಿಗೆ ಹಚ್ಚಿದ ಕೊಬ್ಬರಿ ಎಣ್ಣೆ

ಹನ್ನೊಂದು ತಿರುವಿನ ಬೆಟ್ಟ. ಆ ಇಳಿಜಾರಿನಲ್ಲಿ ಹದ್ದುಗಳೂ ರೆಕ್ಕೆ ಮಡಚಿ, ಕಲ್ಲು ತಡಕಿಕೊಂಡು, ಹಿಂದುಹಿಂದಾಗಿ ಇಳಿಯುತ್ತವೆ. ಸುಳ್ಳು ಅನ್ನಿಸಿದರೆ ಹದ್ದನ್ನೇ ಕೇಳಿ.

ತುದಿಯಲ್ಲಿ ಆಶ್ರಮ, ಬುಡದಲ್ಲಿ ಹೊಳೆ. ಹೊಳೆದಂಡೆಯಲ್ಲಿ ಆಶ್ರಮದವರದೇ ಒಂದು ಅರವಟ್ಟಿಗೆ. ದೋಣಿಗೆ ಕಾಯುವವರಿಗೆ ಅಲ್ಲಿ ಮಜ್ಜಿಗೆ.

ಆ ಮಜ್ಜಿಗೆಯ ಕ್ಯಾನುಗಳನ್ನು ಸೈಕಲ್ಲಿಗೆ ಕಟ್ಟಿ ದಿನವೂ ಇಳಿಸುತ್ತಿದ್ದವರು ಇಬ್ಬರು ಶಿಷ್ಯರು: ಬಿಳಿಗಿರಿ ಮತ್ತು ಮುದ್ದರಾಜು.

ಬಿಳಿಗಿರಿಯದು ರಿಮ್ ಬ್ರೇಕು. ಎರಡು ರಬ್ಬರು ಬಂದು ಚಕ್ರದ ಅಂಚನ್ನು ಒತ್ತುತ್ತವೆ. ಮುದ್ದರಾಜುವಿನದು ಡಿಸ್ಕ್ ಬ್ರೇಕು. ಚಕ್ರದ ನಡುವೆ ತೂತುತೂತಿನ ಉಕ್ಕಿನ ಬಿಲ್ಲೆ, ಅದನ್ನು ಕಚ್ಚಲು ಪ್ಯಾಡು.

ಮೂರು ವರ್ಷದಿಂದ ಇಬ್ಬರಿಗೂ ಅದೇ ವಾದ.

"ಚಕ್ಕುಲಿ ಬಿಲ್ಲೆ ಕಟ್ಕೊಂಡು ಬೆಟ್ಟ ಇಳೀತಾನೆ ನೋಡಿ," ಎನ್ನುತ್ತಿದ್ದ ಬಿಳಿಗಿರಿ. "ನನ್ನದು ಎರಡು ರಬ್ಬರು, ಒಂದು ತಂತಿ. ಸವೆದರೆ ಕಣ್ಣಿಗೆ ಕಾಣುತ್ತೆ."

"ಮಳೇಲಿ ನಿನ್ನ ರಬ್ಬರನ್ನ ಬೇಡ್ಕೊಬೇಕು ಕಣೋ, ನಿಲ್ಲಪ್ಪಾ ನಿಲ್ಲಪ್ಪಾ ಅಂತ. ನಂದಕ್ಕೆ ಮಳೆ ಬರಲಿ, ಕೆಸರು ಬರಲಿ, ಏನೂ ಆಗಲ್ಲ."

ಒಮ್ಮೆ ಈ ವಾದದ ಕಾವಿಗೆ ಕ್ಯಾನಿನೊಳಗಿನ ಮಜ್ಜಿಗೆ ಹೆದರಿ ವಾಪಸ್ ಮೊಸರಾಗಿತ್ತಂತೆ.

ಗುರುಗಳ ಹೆಸರು ಮರಳಯ್ಯ. ಆ ಸೀಮೆಯ ವಾಡಿಕೆಯಂತೆ ಎಲ್ಲರೂ ಅವರನ್ನು 'ಬುದ್ಧಿ' ಎಂದೇ ಕರೆಯುತ್ತಿದ್ದರು.

"ಬುದ್ಧಿ, ನೀವೇ ಹೇಳಿ. ಯಾವುದು ಮೇಲು?"

"ನನ್ನ ಕಾಲದಲ್ಲಿ ಚಪ್ಪಲಿ ಬ್ರೇಕಪ್ಪ. ನೆಲಕ್ಕೆ ಕಾಲು ಊರೋದು. ವರ್ಷಕ್ಕೆ ನಾಲ್ಕು ಜೊತೆ ಸವೀತಿತ್ತು," ಎಂದು ಗುರುಗಳು ಕಣ್ಣು ಮುಚ್ಚುತ್ತಿದ್ದರು. ಅದು ಧ್ಯಾನವಲ್ಲ. ಕೇಳಿ ಕೇಳಿ ಬಂದ ಆಯಾಸ.

ಆಯುಧಪೂಜೆ ಬಂತು. ಸೈಕಲ್ಲುಗಳನ್ನು ತೊಳೆದು ಪೂಜೆಗೆ ಅಣಿ ಮಾಡುವ ಕೆಲಸ ಬಿಳಿಗಿರಿಯ ಪಾಲಿಗೆ ಬಿತ್ತು. ಎರಡನ್ನೂ ತೊಳೆದ. ಗಂಧ, ಕುಂಕುಮ ಇಟ್ಟ. ಚೆಂಡುಹೂವಿನ ಹಾರ ಹಾಕಿದ. ಕೊನೆಗೆ ಕೊಬ್ಬರಿ ಎಣ್ಣೆಯ ಬಟ್ಟೆ ಹಿಡಿದು ಬೆಲ್ಲು, ಹ್ಯಾಂಡಲ್ಲು ಎಲ್ಲ ತಿಕ್ಕಿದ. ಮುದ್ದರಾಜುವಿನ ಡಿಸ್ಕನ್ನಂತೂ ತನ್ನ ಮುಖ ಕಾಣುವಷ್ಟು ತಿಕ್ಕಿದ.

ಮಾರನೆಯ ಬೆಳಿಗ್ಗೆ ಮೂರನೇ ತಿರುವಿನಲ್ಲಿ ಮುದ್ದರಾಜು ಬ್ರೇಕು ಒತ್ತಿದ. ಬ್ರೇಕು ಹಿಡಿಯಲಿಲ್ಲ.

ಮಜ್ಜಿಗೆ ಒಂದು ಕಡೆ, ಸೈಕಲ್ಲು ಒಂದು ಕಡೆ, ಅವನು ಲಂಟಾನದ ಪೊದೆಯಲ್ಲಿ. ಹೆಗಲ ಮೂಳೆ ಮುರಿದಿತ್ತು. ಮಂಡಿ ಊದಿತ್ತು.

ಹೊಳೆದಂಡೆಯ ಚೆಲುವಮ್ಮ ಮೂಳೆ ಕಟ್ಟುವುದರಲ್ಲಿ ಪಳಗಿದವಳು. ಅವನನ್ನು ಕಂಬಳಿಯಲ್ಲಿ ಹೊತ್ತು ಇಳಿಸಿ, ಕಟ್ಟು ಹಾಕಿಸಿ, ಮತ್ತೆ ಹೊತ್ತು ತಂದರು. ಇಪ್ಪತ್ತೊಂದನೆಯ ದಿನ ಬಂದು ಕಟ್ಟು ಬದಲಿಸಿಕೊಳ್ಳಬೇಕು ಎಂದಿದ್ದಳು.

ಮುದ್ದರಾಜು ಬಿಳಿಗಿರಿಗೆ ಹೇಳಿದ್ದು ಒಂದೇ ಮಾತು.

"ನೀನೇ ಗೆದ್ದೆ ಕಣಪ್ಪ."

ಅಲ್ಲಿಗೆ ಮಾತು ನಿಂತಿತು.

ಅಂದಿನಿಂದ ಇಬ್ಬರ ಹೊರೆಯನ್ನೂ ಬಿಳಿಗಿರಿಯೇ ಇಳಿಸಿದ. ದಿನಕ್ಕೆ ಎರಡು ಸಲ ಇಳಿಯುವುದು, ಎರಡು ಸಲ ಸೈಕಲ್ಲು ತಳ್ಳಿಕೊಂಡು ಹತ್ತುವುದು. ಊಟಕ್ಕೆ ಕೂತರೆ ತುತ್ತು ಎತ್ತಲು ಕೈ ಬರುತ್ತಿರಲಿಲ್ಲ.

ಹತ್ತೊಂಬತ್ತನೆಯ ದಿನ ಇಳಿಹೊತ್ತಿನಲ್ಲಿ ಗುರುಗಳ ಬಳಿಗೆ ಬಂದ. ಅವರು ಕಟ್ಟೆಯ ಮೇಲೆ ಕೂತು ಮಂಡಿ ತಿಕ್ಕಿಕೊಳ್ಳುತ್ತಿದ್ದರು.

"ಸುಸ್ತಾಗಿದೆಯಾ?"

"ಹ್ಞೂಂ ಬುದ್ಧಿ."

"ನನಗೂ. ಕೂತ್ಕೋ. ಯಾವುದು ಮೇಲು ಅಂತ ಮಾತ್ರ ಕೇಳಬೇಡ."

"ಅದಲ್ಲ ಬುದ್ಧಿ. ನಾನು ಬೇಕಂತಲೇ ಮಾಡಿದೆ ಅಂತ ಎಲ್ಲರೂ ಅಂತಾರೆ. ನಾನು ಭಕ್ತಿಯಿಂದ ಹಚ್ಚಿದೆ. ಹೊಟ್ಟೆಕಿಚ್ಚಿಂದ ಅಲ್ಲ."

"ಸರಿ."

"ಅಲ್ಲ ತಾನೆ ಬುದ್ಧಿ?"

ಗುರುಗಳು ಮಂಡಿ ತಿಕ್ಕುವುದನ್ನು ನಿಲ್ಲಿಸಿದರು.

"ನಿನ್ನ ಸೈಕಲ್ಲಿನ ರಿಮ್ಮಿಗೆ ಎಣ್ಣೆ ಹಚ್ಚಿದೆಯಾ?"

"ಇಲ್ಲ."

"ಯಾಕೆ?"

"ರಬ್ಬರು ಜಾರುತ್ತಲ್ಲ ಬುದ್ಧಿ."

ಹೇಳಿದ ಮೇಲೆ ಅವನಿಗೇ ಆ ಮಾತು ಕೇಳಿಸಿತು.

"ಡಿಸ್ಕಿಗೆ ಏನೂ ಆಗಲ್ಲ ಅಂತ ಅವನೇ ಹೇಳ್ತಿದ್ದ," ಎಂದ, ಸಣ್ಣ ದನಿಯಲ್ಲಿ.

"ಮೂರು ವರ್ಷ ಅವನು ಹೇಳಿದ ಒಂದು ಮಾತನ್ನೂ ನೀನು ನಂಬಲಿಲ್ಲ," ಎಂದರು ಗುರುಗಳು. "ಇದೊಂದನ್ನ ನಂಬಿದೆ."

ಬಿಳಿಗಿರಿ ಕಟ್ಟೆಯಿಂದ ಎದ್ದ.

"ನಾನು ಆಶ್ರಮ ಬಿಟ್ಟು ಹೋಗ್ತೀನಿ ಬುದ್ಧಿ. ಅವನ ಮುಖ ನೋಡೋಕೆ ಆಗಲ್ಲ."

"ಹೋಗು. ನಾಡಿದ್ದು ಅವನ ಕಟ್ಟು ಬದಲಿಸೋ ದಿನ. ಅವನ ಕೈಲಿ ನಡೆಯೋಕಾಗಲ್ಲ. ಕರ್ಕೊಂಡು ಹೋಗಿ, ವಾಪಸ್ ತಂದು ಬಿಟ್ಟು, ಆಮೇಲೆ ಹೋಗು."

"ಸರಿ. ನನ್ನ ಸೈಕಲ್ಲಿನಲ್ಲಿ..."

"ಎಣ್ಣೆ ಕುಡಿದದ್ದು ಯಾವ ಸೈಕಲ್ಲು?"

"ಅವನದು."

"ಅದರಲ್ಲೇ."

ಮಾರನೆಯ ದಿನ ಬಿಳಿಗಿರಿ ಎಣ್ಣೆ ಹೀರಿದ ಹಳೆ ಪ್ಯಾಡಿನ ಬದಲು ಪೇಟೆಯಿಂದ ಹೊಸದು ತಂದ. ತಂದದ್ದೇನೋ ಆಯಿತು, ಕೂರಿಸಲು ಬರಲಿಲ್ಲ. ಮೂರು ವರ್ಷ ಬೈದಿದ್ದೇ ಬಂತು, ಒಮ್ಮೆಯೂ ಅದನ್ನು ಬಗ್ಗಿ ನೋಡಿರಲಿಲ್ಲ.

ಮುದ್ದರಾಜು ಗೋಡೆಗೆ ಒರಗಿ ನೋಡುತ್ತಿದ್ದ. ತಡೆಯಲಾಗಲಿಲ್ಲ.

"ತಿರುಗುಮುರುಗು ಇಟ್ಟಿದ್ದೀಯ ಕಣೋ."

ಬಿಳಿಗಿರಿ ತಿರುಗಿಸಿಟ್ಟ.

"ಡಿಸ್ಕನ್ನ ಸ್ಪಿರಿಟ್ಟಲ್ಲಿ ಒರೆಸು. ಬೆರಳು ತಾಗಿಸಬೇಡ. ನಿನ್ನ ಬೆರಳು ಏನು ಮಾಡುತ್ತೆ ಅಂತ ನೋಡಿದೀನಿ."

ಬಿಳಿಗಿರಿ ಒರೆಸಿದ. ಸೈಕಲ್ಲು ಹತ್ತಿ ಅಂಗಳದಲ್ಲಿ ಹೊರಟು ಬ್ರೇಕು ಒತ್ತಿದ. ಸೈಕಲ್ಲು ಜಾರಿಕೊಂಡು ಹೋಗಿ ತುಳಸಿಕಟ್ಟೆಗೆ ಗುದ್ದಿತು.

"ಹಿಡೀತಿಲ್ಲ!"

"ಹೊಸ ಪ್ಯಾಡು ಕಣೋ. ಹಾಕಿದ ತಕ್ಷಣ ಹಿಡಿಯಲ್ಲ. ಜೋರಾಗಿ ಹೋಗು, ಮೆಲ್ಲಗೆ ಒತ್ತು, ಬಿಡು. ಮತ್ತೆ ಹೋಗು. ಮೂವತ್ತು ಸಲ ಮಾಡು. ಉಜ್ಜಿ ಉಜ್ಜಿ ಒಂದಕ್ಕೊಂದು ಒಗ್ಗಿಕೊಳ್ಳಬೇಕು."

ಅಷ್ಟೊತ್ತಿಗೆ ಬಿಳಿಗಿರಿ ಎರಡು ಸಲ ಬೆಟ್ಟ ಇಳಿದು ಹತ್ತಿ ಬಂದಿದ್ದ. ಕಾಲುಗಳು ತನ್ನವಲ್ಲ ಎನ್ನುವಂತಿದ್ದವು. ಆದರೂ ಅಂಗಳ ಸುತ್ತಿದ. ಹೋದ, ಒತ್ತಿದ, ಬಿಟ್ಟ.

ಇಪ್ಪತ್ತರ ಸುಮಾರಿಗೆ ಎಣಿಕೆ ತಪ್ಪಿ ನಿಂತ.

"ಇಪ್ಪತ್ತೆರಡು," ಎಂದ ಮುದ್ದರಾಜು, ಬೇರೆ ಕಡೆ ನೋಡುತ್ತ.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಸೈಕಲ್ಲನ್ನು ಮೊದಲ ತಿರುವಿನ ಮೇಲೆ ತಂದು ನಿಲ್ಲಿಸಿದರು. ಕ್ಯಾರಿಯರಿಗೆ ಗೋಣಿಚೀಲ ಮಡಚಿ ಕಟ್ಟಿದ್ದರು.

"ಇವನ ಹಿಂದೆ ನಾನು ಕೂರಬೇಕಾ ಬುದ್ಧಿ? ಇನ್ನೊಂದು ಹೆಗಲು ನೆಟ್ಟಗಿದೆ ಅಂತಲಾ?"

ಗುರುಗಳಿಗೆ ನಿಲ್ಲಲಾಗುತ್ತಿರಲಿಲ್ಲ. ದಾರಿಬದಿಯ ಕಲ್ಲಿನ ಮೇಲೆ ಕೂತರು.

ಬಿಳಿಗಿರಿ ತಿರುಗಿದ.

"ಮುದ್ದರಾಜು, ಅವತ್ತು ರಿಮ್ಮಿಗೆ ಹಚ್ಚಬಾರದು ಅಂತ ನನಗೆ ಗೊತ್ತಿತ್ತು. ಡಿಸ್ಕಿಗೂ ಹಚ್ಚಬಾರದೇನೋ ಅಂತ ಒಂದು ಗಳಿಗೆ ಅನ್ನಿಸಿತ್ತು. ಅನ್ನಿಸಿದ ಮೇಲೂ ತಿಕ್ಕಿದೆ."

ಮುದ್ದರಾಜು ಅವನನ್ನೇ ನೋಡಿದ. ಕೆಳಗೆ ಹೊಳೆಯ ಮೇಲೆ ದೋಣಿಯೊಂದು ಅರ್ಧ ದಾಟಿತ್ತು.

"ಹೊರೆ ಹೊತ್ತು ಹೊತ್ತು ಮುಖ ಒಣಗಿದ ಹಾಗಲಕಾಯಿ ಆಗಿದೆ ನಿಂದು," ಎಂದ ಕೊನೆಗೆ. "ಸರಿಯಾಗಿ ಹಿಡ್ಕೋ ಸೈಕಲ್ಲ. ಹತ್ತಬೇಕು."

ಊದಿದ ಕಾಲನ್ನು ನಿಧಾನವಾಗಿ ಎತ್ತಿ ಕೂತ. ಒಂದು ತೋಳು ಕಟ್ಟಿನಲ್ಲಿತ್ತು. ಉಳಿದ ಒಂದು ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಗಾಳಿಯಲ್ಲೇ ಇಟ್ಟುಕೊಂಡ. ಆಮೇಲೆ ಬಿಳಿಗಿರಿಯ ಅಂಗಿಯನ್ನು ಬೆನ್ನಿನ ಹತ್ತಿರ ಮುಷ್ಟಿಯಲ್ಲಿ ಹಿಡಿದುಕೊಂಡ.

ಬಿಳಿಗಿರಿ ಇಳಿಜಾರನ್ನು ನೋಡಿದ.

"ಬುದ್ಧಿ, ಮೂರನೇ ತಿರುವಲ್ಲಿ ಹಿಡಿಯುತ್ತಾ?"

ಗುರುಗಳು ಬ್ರೇಕಿನ ಕಡೆ ನೋಡಲಿಲ್ಲ. ಅಂಗಿಯ ಮೇಲಿದ್ದ ಆ ಮುಷ್ಟಿಯನ್ನು ನೋಡಿದರು.

"ಹಿಡಿದಿದೆಯಲ್ಲ. ನಡಿ."