ಕೂಗದೆ ದಾಟಿದವಳು

ಹೊಳೆಯ ದಂಡೆಯ ಮೇಲೊಂದು ಮಠ. ಆಚೆ ದಡದಿಂದ ಯಾರು ಕೂಗಿದರೂ ಹರಿಗೋಲು ಹಾಕಿ ಕರೆತರಬೇಕು, ಯಾರು, ಯಾಕೆ ಎಂದು ಕೇಳಬಾರದು. ಅದು ಮಠದ ನೇಮ.

ಹರಿಗೋಲಿನ ಕೆಲಸ ಶಿಷ್ಯ ಗುರುಪಾದನದು. ನೇಮ ಪಾಲಿಸುವುದರಲ್ಲಿ ಅವನನ್ನು ಮೀರಿಸುವ ಶಿಷ್ಯರು ಆ ಮಠದಲ್ಲಿರಲಿಲ್ಲ. ಬೇರೆ ಶಿಷ್ಯರೇ ಇರಲಿಲ್ಲ.

ಒಂದು ಬೆಳಗ್ಗೆ ಅವನು ದಡಕ್ಕೆ ಬಂದಾಗ ಮರಳಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಎದೆಯವರೆಗೆ ಒದ್ದೆ. ಮಡಿಲಲ್ಲಿ ಪುಟ್ಟ ಹೆಣ್ಣುಮಗು ಮಲಗಿತ್ತು. ಅದರ ಅಂಗಿ ಮಾತ್ರ ಒದ್ದೆಯಾಗಿರಲಿಲ್ಲ.

"ಯಾರವ್ವಾ ನೀನು?" ಅವಳು ಕೂಗಿ ಬಂದವಳಲ್ಲ, ಹಾಗಾಗಿ ಕೇಳಬಹುದಿತ್ತು.

"ಹುಲಿಗೆವ್ವ ರೀ. ಆಚೆ ಊರಿನ ಧಣ್ಯಾರ ವಾಡೆದಾಗ ಜೀತಕ್ಕಿದ್ದೆ."

"ಧಣಿ ಅಪ್ಪಣಿ ತಗೊಂಡು ಬಂದಿಯೇನು?"

ಹುಲಿಗೆವ್ವ ಅವನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ.

"ಅಪ್ಪಣಿ ಕೊಡೋರಾಗಿದ್ದರ ನಾ ಯಾಕ ಹೊಳಿಗೆ ಇಳೀತಿದ್ದೆ ಅಪ್ಪಾರ? ನಮ್ಮವ್ವ ಅಲ್ಲೇ ಸತ್ಲು. ಈಕಿಗೆ ಈಗ ನಡೆಯಾಕ ಬರ್ತೈತಿ, ನಾಳಿಂದ ಸಗಣಿ ಬಳೀಲಿ ಅಂದ್ರು."

ಗುರುಪಾದನಿಗೆ ಕುತೂಹಲ ಹುಟ್ಟಿತು. ಶ್ರದ್ಧೆಯ ಬಗ್ಗೆ ಅವನು ವರ್ಷಗಟ್ಟಲೆ ಪಾಠ ಕೇಳಿದ್ದ. ಅದು ಇರುವವರನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಈಜು ಬರ್ತೈತೇನು?"

"ಇಲ್ರೀ."

"ನೀರು ಎಷ್ಟು ಆಳ ಅಂತ ಗೊತ್ತಿತ್ತೇನು?"

"ಇಲ್ರೀ."

"ಹಂಗಾದ್ರ ದೇವರ ಮ್ಯಾಲೆ ಭಾರ ಹಾಕಿ ಇಳದಿ."

"ಧಣ್ಯಾರು ದಿನಾ ಮೂರು ಹೊತ್ತು ಪೂಜಿ ಮಾಡ್ತಾರ್ರೀ. ದೇವರು ಅವರ ಕಡೆಯವನೋ ಏನೋ ಅಂತ ಅಂಜಿಕಿ ಇತ್ತು. ಆದರೂ ಕೇಳಿದೆ."

"ಏನಂತ?"

"ಒಂದು ಕಾಲಿಡಾಕ ನೆಲ ಕೊಡು ಅಂತ. ಕೊಟ್ಟ. ಮತ್ತ ಕೇಳಿದೆ."

ಗುರುಪಾದ ದಡಕ್ಕೆ ಕಟ್ಟಿದ್ದ ಹರಿಗೋಲಿನ ಕಡೆ ನೋಡಿದ.

"ಕೂಗಿದ್ದರ ನಾನೇ ಬರ್ತಿದ್ನಲ್ಲ."

"ಕೂಗಿದ್ದರ ಅವರೂ ಬರ್ತಿದ್ರು."

ಅಷ್ಟರಲ್ಲಿ ಆಚೆ ದಡದಿಂದ ಕೂಗು ಕೇಳಿತು. ವಾಡೆಯ ಕಾರಭಾರಿ ನಿಂತಿದ್ದ, ಜೊತೆಗೆ ಕೋಲು ಹಿಡಿದ ಇಬ್ಬರು.

"ಹರಿಗೋಲು ತರ್ರೀ. ನಮ್ಮ ಆಳು ಓಡಿ ಬಂದಾಳ. ಎಳಕೊಂಡು ಹೋಗಬೇಕು."

ಹುಲಿಗೆವ್ವ ಮಗಳನ್ನು ಅವಚಿಕೊಂಡು ಎದ್ದಳು. ಎರಡು ಹೆಜ್ಜೆ ಇಟ್ಟು ಎಡವಿ ನಿಂತಳು.

ಗುರುಪಾದನಿಗೆ ಬಹಳ ಸಂಕಟವಾಯಿತು. ಸಂಕಟಪಡುತ್ತಲೇ ಹರಿಗೋಲಿನ ಹಗ್ಗ ಬಿಚ್ಚಿದ. ಕೂಗಿದ್ದಾರಲ್ಲ.

ಆಗ ಗುರುಗಳು ಮಠದ ಮೆಟ್ಟಿಲಿಳಿದು ಬಂದರು. ಅವರನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅಜ್ಜಾರು ಯಾರೊಡನೆಯೂ ಮಾತಾಡದೆ ಹರಿಗೋಲಿನ ನಟ್ಟನಡುವೆ ಪದ್ಮಾಸನ ಹಾಕಿ ಕಣ್ಣು ಮುಚ್ಚಿದರು.

ಧ್ಯಾನಕ್ಕೆ ಕೂತ ಅಜ್ಜಾರನ್ನು ಅಲುಗಿಸಬಾರದು. ಅದೂ ನೇಮವೇ. ಗುರುಪಾದ ಹಗ್ಗ ಹಿಡಿದು ನಿಂತ.

"ಯಾಕ ತಡಾ?" ಕಾರಭಾರಿ ಕೂಗಿದ.

"ಅಜ್ಜಾರು ಹರಿಗೋಲಿನ್ಯಾಗ ಧ್ಯಾನಕ್ಕ ಕುಂತಾರ್ರೀ."

"ಯಾವಾಗ ಏಳ್ತಾರ?"

"ಹೋದ ಸಲ ಕುಂತಾಗ ಮಳೆಗಾಲ ಇತ್ರೀ. ಎದ್ದಾಗ ಚಳಿ ಬಿದ್ದಿತ್ತು."

"ಆಕಿ ಹೆಂಗ ದಾಟಿದ್ಲು?"

"ನಡಕೊಂಡು ದಾಟ್ಯಾಳ. ನೀವೂ ಬರ್ರಿ."

ಕಾರಭಾರಿ ನೀರಿಗೆ ಒಂದು ಕಾಲಿಟ್ಟ. ಜೊತೆಯವರನ್ನು ನೋಡಿದ. ಅವರು ಅವನ ಕಾಲನ್ನೇ ನೋಡುತ್ತಿದ್ದರು. ಅವನು ಕಾಲನ್ನು ಹಿಂದಕ್ಕೆ ತೆಗೆದುಕೊಂಡ.

"ಹೊಳಿ ಪಾಲಾದ್ಲು ಅಂತ ಧಣ್ಯಾರಿಗೆ ಹೇಳ್ತೀವಿ. ನೀವೂ ಹಂಗೇ ಅನ್ರಿ."

"ಸುಳ್ಳು ಹೇಳಾಕ ನಮ್ಮ ನೇಮ ಬಿಡೂದಿಲ್ರೀ."

"ಸುಮ್ಮನಿರಾಕ ಬಿಡ್ತೈತೇನು?"

ಗುರುಪಾದ ಯೋಚಿಸಿದ. "ಬಿಡ್ತೈತ್ರೀ."

ಮೂವರೂ ದಡ ಹತ್ತಿ ಹೊರಟುಹೋದರು. ಹುಲಿಗೆವ್ವ ಮಗಳನ್ನು ಮರಳಿನ ಮೇಲೆ ಇಳಿಸಿದಳು. ಅಜ್ಜಾರು ಕಣ್ಣು ತೆರೆದರು.

"ಅಜ್ಜಾರ," ಎಂದ ಗುರುಪಾದ, "ಅಲ್ಲಿ ನೀರು ಎದಿಮಟ್ಟ ಅಷ್ಟ ಐತಿ. ಈಜು ಬರದ ಹೆಣ್ಣುಮಗಳು ಕೂಸು ಹೊತ್ತು ದಾಟಿದ್ಲು. ಕೋಲು ಹಿಡಿದು ಬಂದ ಗಂಡಸರು ಯಾಕ ಇಳೀಲಿಲ್ಲ?"

ಅಜ್ಜಾರು ಹರಿಗೋಲಿನಿಂದ ನಿಧಾನವಾಗಿ ಇಳಿದರು.

"ಅವರಿಗೆ ತಿರುಗಿ ಹೋಗಾಕ ಒಂದು ದಡ ಇತ್ತಪ್ಪ."